ಅಂಗೈ ಗಣಕದ ಸೆಲ್ಲುಗಳು

1996ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದ ಪಾಮ್ ಪೈಲಟ್ ಎಂಬ ಅಂಗೈ ಗಣಕ ಎರಡು ಎಎಎ ಸೆಲ್ಲುಗಳ ಮೇಲೆ ವಾರಗಟ್ಟಲೆ ನಡೆಯುತ್ತಿತ್ತು. ಆ ಮಿತವ್ಯಯದ ಶ್ರೇಯ ಸೆಲ್ಲಿಗಿಂತ ಹೆಚ್ಚಾಗಿ ಯಂತ್ರಕ್ಕೇ ಸಲ್ಲಬೇಕು: 16 ಮೆಗಾಹರ್ಟ್ಸ್‌ನ ಪ್ರೊಸೆಸರ್, ಕಪ್ಪು-ಬಿಳುಪಿನ ಪರದೆ, ಮುಟ್ಟದಿದ್ದರೆ ನಿದ್ದೆ. ಹೀಗಿದ್ದೂ ಬಿಸಾಡುವ ಸೆಲ್ಲು ಮೂಲೆಗೆ ಸರಿದದ್ದೇಕೆ? ಬಣ್ಣದ ಪರದೆಯ ಹಸಿವೇ ಕಾರಣವೆಂಬ ಉತ್ತರ ಸುಲಭವಾಗಿ ಹೊಳೆಯುತ್ತದೆ. ಪಾಮ್ ಗಣಕಗಳ ಕಾಲಕ್ರಮ ಮಾತ್ರ ಅದನ್ನು ಒಪ್ಪುವುದಿಲ್ಲ. 1999ರ ಪಾಮ್ ಫೈವ್‌ನದು ಕಪ್ಪು-ಬಿಳುಪಿನ ಪರದೆಯೇ, ಆದರೂ ಒಳಗಿದ್ದದ್ದು ಲಿಥಿಯಂ-ಅಯಾನ್ ಬ್ಯಾಟರಿ. ಬಣ್ಣದ ಪರದೆಯ ಪಾಮ್ ತ್ರೀ-ಸಿ ಬಂದದ್ದು ಮರುವರ್ಷ. ಎಎಎ ಸೆಲ್ಲಿನ ವ್ಯಾಸ 10.5 ಮಿ.ಮೀ., ಪಾಮ್ ಫೈವ್‌ನ ದಪ್ಪವೇ ಸುಮಾರು 10 ಮಿ.ಮೀ. ತೆಳ್ಳಗಿನ ಮೈಯ ಮೋಹ ಹಳೆಯ ಸೆಲ್ಲಿಗೆ ಜಾಗವನ್ನೇ ಉಳಿಸಿರಲಿಲ್ಲ.

ಬಿಸಾಡುವ ಸೆಲ್ಲು ಖರ್ಚು, ಮೇಲಾಗಿ ಕಸ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಚಾರ್ಜ್ ಮಾಡಬಲ್ಲ ನಿಕಲ್ ಸೆಲ್ಲುಗಳೂ ಅದೇ ಗೂಡಿನಲ್ಲಿ ಕೂರುತ್ತಿದ್ದವು, 1.5ರ ಬದಲು 1.2 ವೋಲ್ಟ್ ಕೊಡುತ್ತಿದ್ದುದರಿಂದ ಬ್ಯಾಟರಿ ಸೂಚಕ ತಪ್ಪು ಹೇಳಬಹುದಿತ್ತು, ಅಷ್ಟೇ. ಆ ಸೆಲ್ಲುಗಳನ್ನು ಕೈಬಿಟ್ಟದ್ದರ ನಷ್ಟ ದೊಡ್ಡದು. ಆಗ ವಿಳಾಸ, ಟಿಪ್ಪಣಿಗಳೆಲ್ಲ ವಿದ್ಯುತ್ ಇರುವತನಕ ಮಾತ್ರ ಉಳಿಯುವ ಸ್ಮೃತಿಯಲ್ಲಿದ್ದವು. ಪರವೂರಿನಲ್ಲಿ ಶಕ್ತಿ ಮುಗಿದರೆ ಪೈಲಟ್‌ಗೆ ಯಾವುದೋ ಅಂಗಡಿಯ ಸೆಲ್ಲು ಸಾಕಿತ್ತು. ಅಂಟುಹಾಕಿ ಮುಚ್ಚಿದ ಪಾಮ್ ಫೈವ್‌ಗೆ ಅದರದೇ ಚಾರ್ಜರ್ ಬೇಕಿತ್ತು.