ನೀಲಿ ಬಣ್ಣದ ಕೆಳಗ ಏನೈತಿ?

ದುರ್ಗದಬೈಲ್‌ನಾಗ ನಿಂತು ಫೋನಿನ್ಯಾಗ ನಕಾಶೆ ತೆಗೀರಿ. ಅಂಗಡಿ, ಗಲ್ಲಿ, ಟ್ರಾಫಿಕ್ಕಿನ ಕೆಂಪು ಗೆರೆ ಎಲ್ಲಾ ಕಾಣತೈತಿ. ದುರ್ಗ ಮಾತ್ರ ಕಾಣಂಗಿಲ್ಲ. 1727ರಲ್ಲಿ ವ್ಯಾಪಾರಿ ಬಸಪ್ಪಶೆಟ್ಟಿ ಸವಣೂರು ನವಾಬನ ಅನುಮತಿ ಪಡೆದು ಈ ಕೋಟೆ ಬಯಲಿನ ಸುತ್ತ ಹೊಸ ಹುಬ್ಬಳ್ಳಿ ಕಟ್ಟಿಸಿದ. ಕೋಟೆ ಹೋತು, ಹೆಸರು ಉಳೀತು.

ಗಾಳ ಹಿಡಕೊಂಡು ಗೊತ್ತಿಲ್ಲದ ಕೆರೆಗೆ ಹೊಂಟವರಿಗೂ ಇದೇ ತೊಡಕು. ನಕಾಶೆಯಲ್ಲಿ ಕೆರೆ ಅಂದ್ರ ಬರೇ ನೀಲಿ. ಉಪಗ್ರಹದ ಚಿತ್ರ ತೆಗೆದರೂ ನಮ್ಮ ಕಡೆಯ ಕೆಂಪು ನೀರಿನ ತಳ ಕಾಣುವುದಿಲ್ಲ. ಹಂಗಾರ ಏನ್ ಮಾಡಬೇಕು? ಹಿಂದಕ್ಕ ಹೋಗ್ಬೇಕು.

ಗೂಗಲ್ ಅರ್ಥ್ ಬಂದದ್ದು 2005ರಲ್ಲಿ. 2009ರಲ್ಲಿ ಅದಕ್ಕೆ ಹಳೆಯ ವರ್ಷಗಳ ಚಿತ್ರ ನೋಡುವ ಸೌಲಭ್ಯ ಸೇರಿತು. ಅದೇ ವರ್ಷ ನಮ್ಮ ಇಸ್ರೋದ ‘ಭುವನ್’ ಕೂಡ ಬಂತು. 2016–17, 2023–24ರ ಬರಗಾಲದ ಬೇಸಿಗೆಯ ಚಿತ್ರ ಸಿಕ್ಕರೆ ತೆಗೆದು ನೋಡ್ರಿ. ನೀರು ಇಳಿದು ಕೆರೆಯ ಹೊಟ್ಟೆ ಹೊರಗ ಬಿದ್ದಿರತೈತಿ. ಕಡೀಗೆ ಉಳಿದ ಗುಂಡಿಯೇ ಆಳದ ಜಾಗ. ಸಾಮಾನ್ಯವಾಗಿ ಅದು ಒಡ್ಡಿನ ಹತ್ತಿರ ಇರುತ್ತದೆ, ಯಾಕಂದ್ರ ಹಳ್ಳ ಹರಿಯುವ ತಗ್ಗಿಗೆ ಅಡ್ಡ ಕಟ್ಟಿದ್ದೇ ಒಡ್ಡು. ನಮಗೆ ನೀರು ಕೊಟ್ಟ ನೀರಸಾಗರವೂ ಹಂಗ, ಬೇಡ್ತಿ ಹಳ್ಳಕ್ಕೆ ಒಡ್ಡು ಕಟ್ಟಿ ಮಾಡಿದ್ದು. ಅಂಥ ಜಲಾಶಯದೊಳಗ ಹಳೇ ಹಳ್ಳದ ದಾರಿ ಇನ್ನೂ ಇರತೈತಿ. ಬಿಸಿಲಿನ ದಿನ ಮೀನು ಆ ಆಳಕ್ಕ ಸೇರತಾವ. ಮೃಗಾಲ ತಳದಾಗ ಮೇಯತೈತಿ, ರೋಹು ನಡುನೀರಿನ್ಯಾಗ, ಕಟ್ಲಾ ಮ್ಯಾಲ.

ಆದ್ರ ಮೀನಿಗಿಂತ ದೊಡ್ಡ ಮಾತು ಇನ್ನೊಂದೈತಿ. ಬರ ಬಿದ್ದ ವರ್ಷ ಕೆರೆಯೊಳಗಿನ ಮಣ್ಣು ತೋಡಿ ಒಯ್ಯುತ್ತಾರೆ. ಮಳೆ ಬಂದ ಮ್ಯಾಲ ಆ ಕುಣಿ ನೀಲಿಯೊಳಗ ಮುಚ್ಚಿ ಹೋಗತೈತಿ. ಮೊಣಕಾಲುದ್ದ ನೀರು ಅಂತ ಇಳಿದವರಿಗೆ ಮುಂದಿನ ಹೆಜ್ಜೆಗೆ ನೆಲ ಸಿಗಂಗಿಲ್ಲ. ಅದಕ್ಕ ಗಾಳ ಎಲ್ಲಿ ಹಾಕೂದು ಅಂತ ನೋಡೂಮುಂದ, ಕಾಲು ಎಲ್ಲಿ ಇಡಬಾರದು ಅಂತನೂ ಅದೇ ಹಳೇ ಚಿತ್ರದಾಗ ನೋಡ್ಕೊಳ್ರಿ.

ಹೋಗೂಕಿಂತ ಮೊದಲ ಆ ಕೆರೆಯ ಮೀನಿನ ಗುತ್ತಿಗೆ ಯಾರದು ಅಂತ ಊರಾಗ ಕೇಳ್ರಿ. ದಂಡಿ ಮ್ಯಾಲ ದನ ಮೇಯಿಸೋ ಅಜ್ಜ ಸಿಕ್ರ ಕುಣಿ ಎಲ್ಲೈತಿ ಅಂತನೂ ಕೇಳ್ರಿ. ಚಿತ್ರದಾಗ ಇಲ್ಲದ್ದು ಅವರಿಗೆ ಗೊತ್ತಿರತೈತಿ.

ನಿಮ್ಮೂರ ಕೆರೆಯೊಳಗ ಮುಳುಗಿದ ಬಾವಿ, ಹಳೇ ರಸ್ತೆ ಏನರ ಐತೇನು? ಕೆಳಗ ಬರೀರಿ. ಹೊಸದಾಗಿ ಹೋಗೂವರಿಗೆ ಉಪಯೋಗ ಆಗತೈತಿ.

#ದುರ್ಗದಬೈಲ್ #ಹುಬ್ಬಳ್ಳಿಧಾರವಾಡ #ನಮ್ಮಕೆರೆ