ನಂದಿಧ್ವಜ ಸಾಗುವ ಹಾದಿ: ಹಳೆಯ ಸೊಲ್ಲಾಪುರದಲ್ಲಿ ಒಂದು ಕಾಲ್ನಡಿಗೆ

ಪರಸ್ಥಳದಿಂದ ನೆಂಟರು ಬಂದಾಗ ಅವರಿಗೆ ನಮ್ಮ ಸೊಲ್ಲಾಪುರವನ್ನು ತೋರಿಸುವ ಕ್ರಮ ನಮ್ಮೆಲ್ಲರ ಮನೆಗಳಲ್ಲೂ ಹೆಚ್ಚುಕಡಿಮೆ ಒಂದೇ. ರಿಕ್ಷಾ ಹತ್ತಿಸಿ ಸಿದ್ಧರಾಮೇಶ್ವರನ ಗುಡಿಗೆ ಕರೆದೊಯ್ಯುತ್ತೇವೆ; ಕೆರೆಯ ದಂಡೆಯಲ್ಲಿ ನಿಂತು ಕೋಟೆಯನ್ನು ಬೆರಳು ಮಾಡಿ ತೋರಿಸುತ್ತೇವೆ; ಬರುವಾಗ ಪೇಟೆಯಲ್ಲಿ ಒಂದು ಜೋಡಿ ಚಾದರ ಕೊಡಿಸಿ ರೈಲಿಗೆ ಕಳುಹಿಸುತ್ತೇವೆ. ನೋಡಿದವರಿಗೂ ತೃಪ್ತಿ, ತೋರಿಸಿದವರಿಗೂ ತೃಪ್ತಿ. ಆದರೆ ಎಂಟುನೂರು ವರ್ಷಗಳಿಗೂ ಮಿಕ್ಕಿ ಬಾಳಿದ ಊರೊಂದನ್ನು ಹೀಗೆ ಒಂದೆರಡು ತಾಸಿನಲ್ಲಿ ಮುಗಿಸಿಬಿಡುವುದು ನ್ಯಾಯವಲ್ಲವೆಂದು ನಮಗೆ ಬಹುದಿನಗಳಿಂದ ಅನ್ನಿಸುತ್ತಲೇ ಇತ್ತು.

ಆದಕಾರಣ ಜಾತ್ರೆಗೆ ಮುಂಚಿನ ಒಂದು ರವಿವಾರ ಬೆಳಿಗ್ಗೆ ನಮ್ಮ ಮನೆಗಳ ಹತ್ತು ಹನ್ನೆರಡು ಮಕ್ಕಳನ್ನು ಕೂಡಿಸಿಕೊಂಡು ನಾವು ಹಳೆಯ ಊರನ್ನು ಕಾಲ್ನಡಿಗೆಯಲ್ಲಿ ತೋರಿಸಲು ಹೊರಟೆವು. ಮಕ್ಕಳಲ್ಲಿ ಕೆಲವರು ಕನ್ನಡ ಶಾಲೆಯವರು. ಕೆಲವರಿಗೆ ಕನ್ನಡವು ಮನೆಯ ಹೊಸ್ತಿಲೊಳಗಿನ ಮಾತು ಮಾತ್ರ. ಯಾವ ದಾರಿಯಿಂದ ಹೋಗಬೇಕೆಂಬ ವಿಚಾರ ಬಂದಾಗ ಹೆಚ್ಚು ಯೋಚಿಸಬೇಕಾಗಲಿಲ್ಲ. ಮಕರ ಸಂಕ್ರಮಣದ ಜಾತ್ರೆಯಲ್ಲಿ ಏಳು ನಂದಿಧ್ವಜಗಳು ಪ್ರತಿವರ್ಷ ಯಾವ ಹಾದಿಯಿಂದ ಸಾಗುತ್ತವೆಯೋ ಅದೇ ಈ ಊರಿನ ಇತಿಹಾಸದ ಹಾದಿಯೂ ಆಗಿದೆ. ಆ ಹಾದಿಯನ್ನೇ ನಾವು ಹಿಡಿದೆವು. ವಾಚಕರೂ ನಮ್ಮೊಡನೆ ಬರಬೇಕೆಂದು ಪ್ರಾರ್ಥನೆ.

ಬಾಳಿವೇಸಿನಿಂದ

ನಮ್ಮ ನಡಿಗೆ ಬಾಳಿವೇಸಿನಲ್ಲಿ, ಮಲ್ಲಿಕಾರ್ಜುನನ ಗುಡಿಯ ಮುಂದೆ ಆರಂಭವಾಯಿತು. ‘ವೇಸ’ ಎಂದರೆ ನಮ್ಮ ಕಡೆಯ ‘ಅಗಸೆ’, ಊರಬಾಗಿಲು. ಬಾಳಿವೇಸು, ತುಳಜಾಪುರ ವೇಸು, ವಿಜಾಪುರ ವೇಸು ಎಂಬ ಹೆಸರುಗಳನ್ನು ನಾವು ದಿನಕ್ಕೆ ಹತ್ತು ಸಲ ಆಡುತ್ತೇವೆ. ಆದರೆ ಒಂದು ಕಾಲಕ್ಕೆ ಈ ಊರು ಅಲ್ಲಿಗೆ ಮುಗಿಯುತ್ತಿತ್ತು, ಅದರಾಚೆಗೆ ದಾರಿ ಬೇರೊಂದು ಊರಿಗೆ ಹೊರಡುತ್ತಿತ್ತು ಎಂಬುದು ನೆನಪಾಗುವುದಿಲ್ಲ. ಇದನ್ನು ಹೇಳಿದೊಡನೆ ಮಕ್ಕಳು ಇಲ್ಲದ ಗೋಡೆಯನ್ನು ಹುಡುಕಲಾರಂಭಿಸಿದರು!

ಇಲ್ಲಿಯೇ ಸಮೀಪದಲ್ಲಿ ಹಿರೇಹಬ್ಬು ಮನೆತನದ ವಾಡೆ ಇದೆ. ನಂದಿಧ್ವಜಗಳು ಪೂಜೆಗೊಂಡು ಹೊರಡುವುದು ಇಲ್ಲಿಂದಲೇ. ಮಾಳಿಗೆಯ ಮನೆಗಳಿಗಿಂತ ಎತ್ತರವಾದ ಈ ಧ್ವಜಗಳನ್ನು ಜನರು ಆಡುಮಾತಿನಲ್ಲಿ ‘ಕಾಠಿ’ ಎನ್ನುತ್ತಾರೆ. ಬಿಳಿಯ ಬಾರಾಬಂದಿ ತೊಟ್ಟು, ಧೋತರ ಉಟ್ಟು, ರುಮಾಲು ಸುತ್ತಿದ ಭಕ್ತರು ಅವನ್ನು ಸರದಿಯಂತೆ ಹೊರುತ್ತಾರೆ. ಮೊದಲನೆಯದು ದೇವಸ್ಥಾನದ್ದು, ಹಿರೇಹಬ್ಬು ಮನೆತನದ ಮಾನದ್ದು. ಎರಡನೆಯದು ಕಸಬಾ ಭಾಗದ ದೇಶಮುಖರದು. ಮೂರನೆಯದು ಲಿಂಗಾಯತ ಮಾಳಿ ಸಮಾಜದ್ದು. ನಾಲ್ಕು ಮತ್ತು ಐದನೆಯವು ವಿಶ್ವಬ್ರಾಹ್ಮಣ ಅಕ್ಕಸಾಲಿಗರವು. ಆರು ಮತ್ತು ಏಳನೆಯವು ಮಾತಂಗ ಸಮಾಜದವು. ಬೇರೆ ದಿನಗಳಲ್ಲಿ ಬೇರೆಬೇರೆ ಓಣಿಗಳಲ್ಲಿ ಬಾಳುವ ಸಮಾಜಗಳು ಆ ದಿನ ಒಂದೇ ಸಾಲಿನಲ್ಲಿ ನಡೆಯುತ್ತವೆ. ಈ ಕ್ರಮವನ್ನು ಕಟ್ಟಿದವರ ಮನಸ್ಸು ಎಂಥದೆಂಬುದನ್ನು ಬೇರೆ ಗ್ರಂಥದಿಂದ ತಿಳಿಯಬೇಕಾಗಿಲ್ಲ.

ಜಾತ್ರೆಯ ಮೊದಲ ದಿನ ಈ ಧ್ವಜಗಳು ಸಿದ್ಧರಾಮನು ಊರ ಸುತ್ತಲೂ ಸ್ಥಾಪಿಸಿದನೆನ್ನುವ 68 ಲಿಂಗಗಳನ್ನು ಸಂದರ್ಶಿಸುತ್ತವೆ, ಲಿಂಗಗಳಿಗೆ ತೈಲಾಭಿಷೇಕವಾಗುತ್ತದೆ. ಈ ವಿಧಿಗೆ ಮರಾಠಿ ಪತ್ರಿಕೆಗಳು ‘ಯಣ್ಣಿಮಜ್ಜನ’ ಎಂದು ಬರೆಯುತ್ತವೆ. ನಾವು ಆ ಮಾತನ್ನು ಹೇಳಿದಾಗ ಮನೆಯಲ್ಲಷ್ಟೇ ಕನ್ನಡವಾಡುವ ಒಬ್ಬ ಹುಡುಗಿ ತಟ್ಟನೆ ನಿಂತಳು. “ಕಾಕಾ, ಇದು ಎಣ್ಣಿ ಅಲ್ಲೇನ್ರಿ? ನಮ್ಮ ಆಯಿ ದೀಪಾವಳಿಗೆ ತಲಿಗೆ ಹಚ್ಚತಾಳಲ್ಲ, ಆ ಎಣ್ಣಿ?” ಎಂದು ಕೇಳಿದಳು. ಹೌದು ತಾಯಿ, ಅದೇ ಎಣ್ಣೆ, ಅದೇ ಮಜ್ಜನ ಎಂದೆವು. ವರ್ಷ ವರ್ಷವೂ ಕಿವಿಯ ಮೇಲೆ ಬೀಳುತ್ತಿದ್ದ ಶಬ್ದವೊಂದು ತನ್ನ ಮನೆಯದೇ ಎಂದು ಆ ಮಗುವಿಗೆ ಅಂದು ತಿಳಿಯಿತು. ಅಷ್ಟರಿಂದಲೇ ನಮ್ಮ ಅಂದಿನ ಶ್ರಮ ಸಾರ್ಥಕವಾಯಿತು.

ಪೇಟೆಯ ನಡುವೆ

ಮುಂದೆ ಹಾದಿಯು ಪೇಟೆಯೊಳಗೆ ಹೊಕ್ಕು ಮಾಣಿಕ ಚೌಕಕ್ಕೆ ಬರುತ್ತದೆ. ಇಕ್ಕೆಲಗಳಲ್ಲಿ ಅಂಗಡಿಗಳು, ಅಂಗಡಿಯ ಮೇಲ್ಗಡೆ ಎಲ್ಲೋ ಒಂದೆರಡು ಕಡೆ ಹಳೆಯ ಮರದ ಕೆತ್ತನೆಯ ಕಿಟಕಿಗಳು. ಇಲ್ಲಿ ಒಂದು ಗಳಿಗೆ ಸುಮ್ಮನೆ ನಿಂತು ಆಲಿಸಿರಿ ಎಂದು ಮಕ್ಕಳಿಗೆ ಹೇಳಿದೆವು. ವ್ಯಾಪಾರಿಯು ಗಿರಾಕಿಯೊಡನೆ ಮರಾಠಿಯಲ್ಲಿ ಚೌಕಾಶಿ ಮಾಡಿ, ಒಳಗಿದ್ದ ಮಗನಿಗೆ ಕನ್ನಡದಲ್ಲಿ ಹೇಳಿ ಗಂಟು ಕಟ್ಟಿಸುತ್ತಾನೆ. ಪಕ್ಕದಲ್ಲಿ ನೇಕಾರ ಹೆಂಗಸರು ತೆಲುಗಿನಲ್ಲಿ ಮಾತಾಡುತ್ತಾ ಹೋಗುತ್ತಾರೆ. ಎದುರಿನ ಚಹದ ಅಂಗಡಿಯಲ್ಲಿ ದಖನಿ ಉರ್ದು. 1860ರಲ್ಲಿ ರೈಲು ಬಂದಿತು. 1870ರ ದಶಕದಲ್ಲಿ ಜನರು ‘ಜೂನೀ ಮಿಲ್ಲು’ ಎಂದು ಕರೆದ ಮೊದಲ ಬಟ್ಟೆ ಗಿರಣಿ ಹುಟ್ಟಿತು. ಕೈಮಗ್ಗದ ಊರು ಗಿರಣಿಯ ಊರಾಯಿತು. ಗಿರಣಿಗಳ ಭೋಂಗಾ ಇಂದು ಕೇಳಿಸುವುದಿಲ್ಲ. ಆದರೆ ಆ ದಿನಗಳು ಕೂಡಿಸಿದ ಜನ ಇಲ್ಲಿಯೇ ನೆಲೆನಿಂತಿದ್ದಾರೆ. ಸೊಲ್ಲಾಪುರಿ ಚಾದರವೂ ಹೆಸರು ಉಳಿಸಿಕೊಂಡಿದೆ.

ವಿಜಾಪುರ ವೇಸಿಗೆ ಬಂದಾಗ ನಮ್ಮ ಹೆಜ್ಜೆ ತಾನಾಗಿ ನಿಧಾನವಾಯಿತು. ಈ ಅಗಸೆಯ ಮುಖ ದಕ್ಷಿಣಕ್ಕೆ, ಭೀಮೆಯಾಚೆಯ ವಿಜಾಪುರಕ್ಕೆ. ನಮ್ಮಲ್ಲಿ ಎಷ್ಟೋ ಮನೆಗಳ ಸೊಸೆಯರು ಬಂದದ್ದು ಈ ದಾರಿಯಿಂದ, ಹೆಣ್ಣುಮಕ್ಕಳು ಹೋದದ್ದೂ ಈ ದಾರಿಯಿಂದ. 1956ರ ನವೆಂಬರ್ 1ರಂದು ವಿಜಾಪುರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಸೊಲ್ಲಾಪುರ ಮುಂಬಯಿ ರಾಜ್ಯದಲ್ಲಿ ಉಳಿದು, 1960ರ ಮೇ 1ರಂದು ಮಹಾರಾಷ್ಟ್ರದ ಭಾಗವಾಯಿತು. ಗಡಿಯ ಗೆರೆ ನಕಾಶೆಯ ಮೇಲೆ ಬಿದ್ದಿತು. ಬೀಗತನ ಮಾತ್ರ ತುಂಡಾಗಲಿಲ್ಲ.

ಕೆರೆಯ ದಂಡೆಯಲ್ಲಿ

ಪಂಚಕಟ್ಟೆಯನ್ನು ದಾಟಿದೊಡನೆ ಪೇಟೆಯ ಗದ್ದಲ ಹಿಂದಾಗಿ ನೀರಿನ ತಂಪು ಮುಖಕ್ಕೆ ಬಡಿಯುತ್ತದೆ. ಕೆರೆಯ ನಡುವೆ ನಡುಗಡ್ಡೆಯಂತೆ ಸಿದ್ಧರಾಮನ ಗುಡಿ. ಜಾತ್ರೆಗೆ ‘ಗಡ್ಡಾ’ ಎಂಬ ಹೆಸರು ಬಂದದ್ದು ಈ ಗಡ್ಡೆಯಿಂದಲೇ ಇರಬೇಕೆಂದು ನಮಗೆ ತೋರುತ್ತದೆ.

ಊರಿನ ಹೆಸರಿನ ವಿಚಾರವನ್ನು ಇಲ್ಲಿ ಹೇಳುವುದು ಯುಕ್ತ. ‘ಸೋಳಾ’ ಎಂದರೆ ಹದಿನಾರು, ಹದಿನಾರು ಹಳ್ಳಿ ಸೇರಿ ಸೋಲಾಪುರವಾಯಿತು ಎಂಬ ಕಥೆಯನ್ನು ಎಲ್ಲರೂ ಕೇಳಿದ್ದಾರೆ. ಕೇಳಲು ಸೊಗಸಾಗಿದೆ, ಆದರೆ ಶಾಸನಗಳು ಬೇರೆ ಮಾತನ್ನು ಹೇಳುತ್ತವೆ. ಹನ್ನೆರಡನೆಯ ಶತಮಾನದಲ್ಲಿ ಈ ಊರು ಸೊನ್ನಲಿಗೆ. ಮುಂದೆ ಸೊನ್ನಲಾಪುರ, ಸೋನಲಪುರ ಎಂದು ಸವೆಯುತ್ತ ಸವೆಯುತ್ತ ಇಂದಿನ ರೂಪಕ್ಕೆ ಬಂದಿತು. ಮುದ್ದುಗೌಡ ಮತ್ತು ಸುಗ್ಗವ್ವೆಯರ ಮಗನಾದ ಸಿದ್ಧರಾಮನು ಈ ಸೊನ್ನಲಿಗೆಯಲ್ಲಿ ಗುಡಿ ಕಟ್ಟಿಸಿದನು, ಕೆರೆ ತೋಡಿಸಿದನು, ಕಪಿಲಸಿದ್ಧ ಮಲ್ಲಿಕಾರ್ಜುನನ ಅಂಕಿತದಲ್ಲಿ ವಚನಗಳನ್ನು ಹಾಡಿದನು. ಅವನ ಚರಿತ್ರೆಯನ್ನು ಹಂಪೆಯ ರಾಘವಾಂಕನು ಷಟ್ಪದಿಯಲ್ಲಿ ಬರೆದನು.

ಈ ಕೆರೆಯ ದಂಡೆಯೇ ಶೂನ್ಯಸಂಪಾದನೆಯ ಒಂದು ಪ್ರಸಿದ್ಧ ಪ್ರಸಂಗದ ರಂಗಸ್ಥಳ. ಸಿದ್ಧರಾಮನು ಸಾವಿರಾರು ಕೈಗಳಿಂದ ಕೆರೆ ತೋಡಿಸುತ್ತಿದ್ದಾಗ ಅಲ್ಲಮಪ್ರಭು ಬಂದು, ನಿಮ್ಮ ಒಡ್ಡರಾಮನೆಲ್ಲಿ ಎಂದು ಕೇಳಿದನಂತೆ. ಗುರುವಿನ ನಿಂದೆಯನ್ನು ತಾಳದೆ ಕೆಲಸದವರು ಅವನ ಮೇಲೆ ಕಲ್ಲು ಬೀರಿದರಂತೆ. ಆ ಮೇಲೆ ನಡೆದ ಸಂವಾದದಿಂದ ಸಿದ್ಧರಾಮನ ಮನಸ್ಸು ಹೊರಗಿನ ಕಟ್ಟಡದಿಂದ ಒಳಗಿನ ಅರಿವಿನ ಕಡೆಗೆ ತಿರುಗಿತು. ಅವನು ಪ್ರಭುವಿನೊಡನೆ ಕಲ್ಯಾಣಕ್ಕೆ ಹೋಗಿ ಶರಣರಲ್ಲಿ ಅಗ್ರಗಣ್ಯನಾದನು. ಈ ಕಥೆಯನ್ನು ಕೇಳಿದ ಒಬ್ಬ ಹುಡುಗ, “ಹಂಗಾದ್ರ ಕೆರಿ ತೋಡಿಸಿದ್ದು ತಪ್ಪೇನ್ರಿ?” ಎಂದು ಕೇಳಿದನು. ತಪ್ಪಾಗಿದ್ದರೆ ಇಷ್ಟು ಶತಮಾನ ಜನ ಅದರ ನೀರನ್ನು ಕಂಡು ಕೈಮುಗಿಯುತ್ತಿರಲಿಲ್ಲ. ಕೆರೆ ತೋಡಿದ ಮೇಲೆಯೂ ತೋಡಬೇಕಾದದ್ದು ಉಳಿದಿರುತ್ತದೆ ಎಂಬುದಷ್ಟೇ ಪ್ರಭುವಿನ ಮಾತು ಎಂದು ತಿಳಿಸಿದೆವು. ನಮ್ಮ ಬರದ ಸೀಮೆಯಲ್ಲಿ ಕೆರೆ ತೋಡಿಸಿದವನೇ ದೇವರಾದದ್ದು ಸಹಜವೇ ಸರಿ.

ಗುಡಿಯ ಬಳಿಯಲ್ಲಿ ಸಂಮತಿ ಕಟ್ಟೆ ಇದೆ. ಜಾತ್ರೆಯ ಎರಡನೆಯ ದಿನ ಅಕ್ಷತೆ ನಡೆಯುವುದು ಇಲ್ಲಿ. ಸಿದ್ಧರಾಮನನ್ನು ವರಿಸಬಯಸಿದ ಕುಂಬಾರ ಕನ್ಯೆಗೆ ಅವನು ತನ್ನ ಯೋಗದಂಡದೊಡನೆ ಮದುವೆಯಾಗಲು ಅನುಮತಿ ಕೊಟ್ಟನೆಂಬುದು ಐತಿಹ್ಯ. ಕುಂಬಾರ ಮನೆತನದವರು ಕೊಡುವ ಸುಗಡಿಗಳ, ಅಂದರೆ ಮಣ್ಣಿನ ಗಡಿಗೆಗಳ ಪೂಜೆಯಾದ ಮೇಲೆ ಸಂಮತಿಯನ್ನು ಓದುತ್ತಾರೆ. ಓದಿನ ನಡುವೆ ‘ಸತ್ಯಂ’ ಎಂಬುದರ ಜತೆಗೆ ‘ದಿಡ್ಡಂ’ ಎಂಬ ಶಬ್ದ ಬಂದಾಗ ಲಕ್ಷಾವಧಿ ಜನ ಅಕ್ಷತೆ ತೂರುತ್ತಾರೆ. ‘ದಿಟ’ವೆಂಬ ನಮ್ಮ ನುಡಿಯ ದನಿ ಅದರಲ್ಲಿ ನಮಗೆ ಕೇಳದೆ ಇರುವುದಿಲ್ಲ. ಮರುಕ್ಷಣವೇ ಮರಾಠಿಯಲ್ಲಿ ‘ಹರ್ರ ಬೋಲಾ ಹರ್ರ’ ಎಂಬ ಘೋಷ! ಸಂಕ್ರಮಣದ ದಿನ ಹೋಮ ಮೈದಾನದಲ್ಲಿ ಹೋಮ, ಅದರ ಮರುದಿನ ಮದ್ದು ಸುಡುವ ಸಂಭ್ರಮ. ಕಡೆಯ ದಿನ ಧ್ವಜಗಳ ವಸ್ತ್ರವನ್ನು ಬಿಚ್ಚುವ ವಿಧಿಗೆ ‘ಕಪ್ಪಡಕಳಿ’ ಎನ್ನುತ್ತಾರೆ. ಕಪ್ಪಡವೆಂದರೆ ಹಳಗನ್ನಡದ ಬಟ್ಟೆ. ಕಳಿಯೆಂದರೆ ಕಳೆ, ತೆಗೆ. ಎಣ್ಣೆಮಜ್ಜನದಿಂದ ತೊಡಗಿ ಕಪ್ಪಡಕಳಿಯಲ್ಲಿ ಮುಗಿಯುವ ಈ ಜಾತ್ರೆಯ ಶಬ್ದಗಳು ಕಲ್ಲಿನಲ್ಲಿ ಕೊರೆಯದ ಶಾಸನಗಳಲ್ಲವೆ?

ಕೋಟೆಯ ನೆರಳು

ಕೆರೆಯನ್ನು ಬಳಸಿಕೊಂಡು ಭುಯಿಕೋಟೆಗೆ ಬಂದೆವು. ಬೆಟ್ಟದ ಆಸರೆಯಿಲ್ಲದೆ ಬಯಲಿನಲ್ಲಿಯೇ ಕಟ್ಟಿದ ಕೋಟೆಯಾದ್ದರಿಂದ ಈ ಹೆಸರು. ಬಹಮನಿಯರ ಕಾಲದ್ದೆಂದು ಹೇಳುವ ಇದಕ್ಕೆ ಎರಡು ಸುತ್ತಿನ ಗೋಡೆ. ಒಂದು ಮಗ್ಗುಲಿಗೆ ಸಿದ್ಧರಾಮನ ಕೆರೆಯೇ ಕಾವಲು.

ಈ ಕೋಟೆಯು ಕನ್ನಡ ನಾಡಿನ ಇತಿಹಾಸದಲ್ಲಿ ಮಾಡಿದ ಒಂದು ಕೆಲಸವನ್ನು ನಮ್ಮಲ್ಲಿ ಬಹಳ ಜನ ಅರಿಯರು. ಅಹಮದನಗರದ ನಿಜಾಮಶಾಹಿಗೂ ವಿಜಾಪುರದ ಆದಿಲಶಾಹಿಗೂ ಸೊಲ್ಲಾಪುರಕ್ಕಾಗಿ ದೀರ್ಘಕಾಲ ಹಗೆತನವಿತ್ತು. ವಿಜಯನಗರದ ವಿರುದ್ಧ ಒಂದಾಗಬೇಕೆಂದಾಗ ಹುಸೇನ್ ನಿಜಾಮಶಹನು ತನ್ನ ಮಗಳು ಚಾಂದಬೀಬಿಯನ್ನು ಅಲಿ ಆದಿಲಶಹನಿಗೆ ಕೊಟ್ಟು, ಸೊಲ್ಲಾಪುರದ ಕೋಟೆಯನ್ನು ಬಳುವಳಿಯಾಗಿ ಕೊಟ್ಟನು. ಹಗೆತನ ನೆಂಟಸ್ತಿಕೆಯಾಯಿತು, 1565ರ ಜನವರಿಯಲ್ಲಿ ಕೃಷ್ಣೆಯ ದಂಡೆಯ ಯುದ್ಧ ನಡೆಯಿತು, ಹಂಪೆ ಹಾಳಾಯಿತು. ನಮ್ಮ ಸಿದ್ಧರಾಮನ ಚರಿತ್ರೆಯನ್ನು ಬರೆದ ರಾಘವಾಂಕನ ಹಂಪೆ, ಆ ಸಿದ್ಧರಾಮನ ಊರಿನ ಕೋಟೆಯನ್ನು ಬಳುವಳಿ ಕೊಟ್ಟು ಕಟ್ಟಿದ ಕೂಟದಿಂದ ಹಾಳಾಯಿತೆಂಬುದನ್ನು ನೆನೆದಾಗ ಮನಸ್ಸು ಭಾರವಾಗುತ್ತದೆ. ಮುಂದೆ ಈ ಕೋಟೆ ಮೊಗಲರನ್ನೂ ನಿಜಾಮನನ್ನೂ ಪೇಶವೆಯರನ್ನೂ ಕಂಡಿತು. 1818ರ ಮೇ ತಿಂಗಳಲ್ಲಿ, ಬಳ್ಳಾರಿಯ ಸೀಮೆಯಲ್ಲಿ ಕಲೆಕ್ಟರನೆಂದು ಹೆಸರಾಗಿದ್ದ ಥಾಮಸ್ ಮನ್ರೋ, ಧಾರವಾಡ ಬೆಳಗಾವಿಗಳ ಕಡೆಯಿಂದ ದಂಡು ತಂದು ಇದನ್ನು ಇಂಗ್ಲಿಷರಿಗೆ ಗೆದ್ದುಕೊಟ್ಟನು.

ನಾಲ್ಕು ಪ್ರತಿಮೆಗಳು

ಕಡೆಯದಾಗಿ ನಾವು ಹೊಸ ಊರಿನ ಭಾಗಕ್ಕೆ, ನಾಲ್ವರು ಹುತಾತ್ಮರ ಪ್ರತಿಮೆಗಳ ಚೌಕಕ್ಕೆ ಬಂದೆವು. 1930ರಲ್ಲಿ ಸೊಲ್ಲಾಪುರದ ನಗರಸಭೆಯು ಪರರಾಜ್ಯವನ್ನು ಲೆಕ್ಕಿಸದೆ ರಾಷ್ಟ್ರಧ್ವಜವನ್ನು ಏರಿಸಿತು. ಮೇ 5ರಂದು ಗಾಂಧೀಜಿಯವರ ಬಂಧನವಾಯಿತು. 8ರಂದು ಇಲ್ಲಿ ಗೋಲಿಬಾರಾಯಿತು. ಬಳಿಕ ಕೆಲವು ದಿನ ಸರಕಾರದ ಅಧಿಕಾರವೇ ನಡೆಯದಂತಾಗಿ ಊರನ್ನು ಜನರೇ ನೋಡಿಕೊಂಡರು. 12ರಿಂದ ಜೂನ್ 30ರವರೆಗೆ ಲಷ್ಕರಿ ಕಾಯಿದೆ ಜಾರಿಯಲ್ಲಿತ್ತು. ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಜಗನ್ನಾಥ ಶಿಂದೆ, ಶ್ರೀಕಿಸನ ಸಾರಡಾ ಇವರನ್ನು 1931ರ ಜನವರಿ 12ರಂದು ಯರವಡಾ ಸೆರೆಮನೆಯಲ್ಲಿ ಗಲ್ಲಿಗೇರಿಸಿದರು. ಜಾತ್ರೆ ಹೊಸ್ತಿಲಲ್ಲಿತ್ತು. ನಾಲ್ಕು ಹೆಸರುಗಳನ್ನು ಮಕ್ಕಳಿಂದ ಗಟ್ಟಿಯಾಗಿ ಓದಿಸಿದೆವು. ನಂದಿಧ್ವಜಗಳ ಸಾಲಿನಲ್ಲಿ ಕಂಡ ಕೂಡುಬಾಳೇ ಇಲ್ಲಿ ನಾಲ್ಕು ಪ್ರತಿಮೆಗಳಾಗಿ ನಿಂತಿದೆ ಎಂದು ನಮಗನ್ನಿಸಿತು.

ಮನೆಯ ಕಡೆಗೆ ತಿರುಗುವಾಗ ಮಕ್ಕಳಿಗೆ ಎರಡು ಮಾತು ಹೇಳಿದೆವು. 1950ರಲ್ಲಿ ಕನ್ನಡ ಸಾಹಿತ್ಯ ಸಮ್ಮೇಲನವು ಎಂ. ಆರ್. ಶ್ರೀನಿವಾಸಮೂರ್ತಿಯವರ ಅಧ್ಯಕ್ಷತೆಯಲ್ಲಿ ಈ ಊರಿನಲ್ಲಿಯೇ ನಡೆಯಿತು. ಈ ಊರಿನಲ್ಲಿಯೇ ಹುಟ್ಟಿದ ಜಯದೇವಿತಾಯಿ ಲಿಗಾಡೆಯವರು ಸಿದ್ಧರಾಮನ ಪುರಾಣವನ್ನು ತ್ರಿಪದಿಗಳಲ್ಲಿ ಹಾಡಿದರು, ವಚನಗಳನ್ನು ಮರಾಠಿಗೆ ತಂದರು, 1974ರ ಮಂಡ್ಯ ಸಮ್ಮೇಲನದ ಅಧ್ಯಕ್ಷತೆಯನ್ನು ವಹಿಸಿ ಆ ಪೀಠವನ್ನೇರಿದ ಮೊದಲ ಮಹಿಳೆಯಾದರು. ಎರಡು ನುಡಿಗಳನ್ನೂ ತನ್ನವೆಂದು ಬಾಳಿದ ತಾಯಿ ಅವರು.

ನೆರೆಯ ನುಡಿಯ ಮೇಲೆ ನಮಗೆ ದೂರಿಲ್ಲ; ಅದು ನಮಗೆ ಅನ್ನ ಕೊಟ್ಟ ನುಡಿ, ನಮ್ಮ ಮಕ್ಕಳು ಅದನ್ನು ಚೆನ್ನಾಗಿ ಕಲಿಯಲಿ. ನಮ್ಮ ಚಿಂತೆ ನಮ್ಮ ಮನೆಗಳದು. ಜಾತ್ರೆ ನಿಲ್ಲುವುದಿಲ್ಲ, ಎಣ್ಣೆಮಜ್ಜನವೂ ನಿಲ್ಲುವುದಿಲ್ಲ. ಆದರೆ ಆ ಮಾತು ಕಿವಿಗೆ ಬಿದ್ದಾಗ, ಇದು ನಮ್ಮ ಆಯಿಯ ಎಣ್ಣೆಯೆಂದು ತಟ್ಟನೆ ನಿಲ್ಲುವ ಮಗುವೊಂದು ಮುಂದಿನ ತಲೆಮಾರಿನಲ್ಲಿ ಇರಬೇಕಾದರೆ, ಇಂದು ನಾವು ಮನೆಯಲ್ಲಿ ಕನ್ನಡವನ್ನು ಆಡಬೇಕು, ಶಾಲೆಯಲ್ಲಿ ಓದಿಸಬೇಕು. ಈ ವರ್ಷ ಜಾತ್ರೆಗೆ ಮುಂಚೆ ಒಂದು ರವಿವಾರ ಬಿಡುವು ಮಾಡಿಕೊಂಡು ನಿಮ್ಮ ಮಕ್ಕಳ ಕೈಹಿಡಿದು ಬಾಳಿವೇಸಿನಿಂದ ಕೆರೆಯವರೆಗೆ ನಡೆದು ಬನ್ನಿರೆಂದು ಬಿನ್ನಹ. ಹಾದಿ ದೂರವಿಲ್ಲ.