ರಾಜ ಬಂದಾಗ ಬಾಗಿಲೇ ಇರಲಿಲ್ಲ

ಮುಂಬೈನ ಗೇಟ್‌ವೇ ಆಫ್ ಇಂಡಿಯಾ ಮುಂದೆ ನಿಂತು ನಾನೂ ಒಂದ್ಸಲ ನೇರಪ್ರಸಾರದಲ್ಲಿ ತಪ್ಪು ಹೇಳಿದ್ದೆ. ‘ಐದನೇ ಜಾರ್ಜ್ ಇದೇ ಕಮಾನಿನ ಕೆಳಗಿಂದ ಭಾರತಕ್ಕೆ ಬಂದ’ ಅಂತ. ಯಾರೂ ತಿದ್ದಲಿಲ್ಲ. ಯಾಕಂದ್ರೆ ಎಲ್ಲರೂ ಹಾಗೇ ಅಂದುಕೊಂಡಿದ್ದಾರೆ.

1911ರ ಡಿಸೆಂಬರ್ 2. ಜಾರ್ಜ್ ಮತ್ತು ರಾಣಿ ಮೇರಿ ಅಪೋಲೊ ಬಂದರಿನಲ್ಲಿ ಇಳಿದರು. ಸಿಂಹಾಸನದಲ್ಲಿರುವ ಬ್ರಿಟಿಷ್ ದೊರೆಯೊಬ್ಬ ಭಾರತದ ನೆಲಕ್ಕೆ ಕಾಲಿಟ್ಟಿದ್ದು ಅದೇ ಮೊದಲು. ಆದರೆ ಆವತ್ತು ಅವರು ನೋಡಿದ್ದು ರಟ್ಟಿನ ಮಾದರಿಯನ್ನ! ಕಲ್ಲಿನ ಬಾಗಿಲಿಗೆ ಗವರ್ನರ್ ಅಡಿಗಲ್ಲು ಹಾಕಿದ್ದು 1913ರ ಮಾರ್ಚ್ 31ರಂದು. ವೈಸರಾಯ್ ಲಾರ್ಡ್ ರೀಡಿಂಗ್ ಉದ್ಘಾಟನೆ ಮಾಡಿದ್ದು 1924ರ ಡಿಸೆಂಬರ್ 4ರಂದು. ಅಂದ್ರೆ ಅತಿಥಿ ಬಂದು ಹೋಗಿ ಹದಿಮೂರು ವರ್ಷ ಆದಮೇಲೆ ಬಾಗಿಲು ರೆಡಿ. ನಮ್ಮ ಫ್ಲೈಓವರ್‌ಗಳನ್ನ ಬೈಯುವವರು ಇದನ್ನೂ ಸ್ವಲ್ಪ ನೆನಪಿಟ್ಟುಕೊಳ್ಳಿ.

ತಡವಾಗಿದ್ದಕ್ಕೆ ಕಾರಣವೂ ಇತ್ತು. ಅಡಿಗಲ್ಲು ಹಾಕಿದಾಗ ಅಂತಿಮ ನಕ್ಷೆಗೆ ಒಪ್ಪಿಗೆಯೇ ಸಿಕ್ಕಿರಲಿಲ್ಲ. ಅದು ಸಿಕ್ಕಿದ್ದು 1914ರಲ್ಲಿ. ಅದಾದಮೇಲೆ ಸಮುದ್ರಕ್ಕೆ ಮಣ್ಣು ತುಂಬಿ ನೆಲ ಮಾಡೋದರಲ್ಲೇ 1919 ಬಂತು. ತಳಪಾಯ ಮುಗಿದಿದ್ದು 1920ರಲ್ಲಿ.

ನಕ್ಷೆ ಮಾಡಿದವನು ಸ್ಕಾಟ್ಲೆಂಡಿನ ಜಾರ್ಜ್ ವಿಟೆಟ್. ಲಂಡನ್ನಿನ ಕಟ್ಟಡವನ್ನ ತಂದು ಇಲ್ಲಿ ನೆಡಲಿಲ್ಲ ಈ ಮನುಷ್ಯ. ಹದಿನಾರನೇ ಶತಮಾನದ ಗುಜರಾತಿನ ಕಟ್ಟಡಗಳನ್ನ ನೋಡಿ ಕಮಾನು ಬರೆದ. ಜಾಲಂಧ್ರ ಗ್ವಾಲಿಯರ್‌ನಿಂದ ಬಂತು, ಹಳದಿ ಛಾಯೆಯ ಬಸಾಲ್ಟ್ ಕಲ್ಲು ಅಲ್ಲೇ ಹತ್ತಿರದ ಖರೋಡಿಯಿಂದ. ನಡುವಿನ ಗುಮ್ಮಟದ ವ್ಯಾಸ 48 ಅಡಿ, ನೆಲದಿಂದ ಅದರ ಎತ್ತರ 83 ಅಡಿ. ಎಂಜಿನಿಯರಿಂಗ್ ಓದಿದವನ ಚಪಲ ಅಂದುಕೊಳ್ಳಿ, ನನಗೆ ಹೆಚ್ಚು ಇಷ್ಟ ಆಗೋದು ಇನ್ನೊಂದು ಸಂಗತಿ. ಪೂರ್ತಿ ಕಲ್ಲಿನದ್ದು ಅಂತ ನಾವು ನಂಬಿರೋ ಈ ಕಟ್ಟಡದಲ್ಲಿ ಕಬ್ಬಿಣ ಹಾಕಿದ ಕಾಂಕ್ರೀಟೂ ಇದೆ. ಹಳೇ ಸುಲ್ತಾನರ ವೇಷ, ಮೈಯೊಳಗೆ ಇಪ್ಪತ್ತನೇ ಶತಮಾನ!

ಖರ್ಚು ಸುಮಾರು 21 ಲಕ್ಷ ರೂಪಾಯಿ. ಬಹುಪಾಲು ಕೊಟ್ಟಿದ್ದು ಭಾರತ ಸರ್ಕಾರ, ಅಂದ್ರೆ ನಮ್ಮ ಅಜ್ಜ, ಮುತ್ತಜ್ಜಂದಿರ ಕಂದಾಯ. ಧಾರವಾಡ, ಬೆಳಗಾವಿ, ವಿಜಯಪುರ, ಕಾರವಾರ ಎಲ್ಲ ಆಗ ಮುಂಬೈ ಪ್ರಾಂತ್ಯದಲ್ಲೇ ಇದ್ದವು. ಇಷ್ಟೆಲ್ಲ ಸುರಿದರೂ ಕಮಾನಿಗೆ ನೇರವಾಗಿ ಬರಬೇಕಿದ್ದ ಭವ್ಯ ರಸ್ತೆಗೆ ದುಡ್ಡು ಉಳಿಯಲಿಲ್ಲ. ಅದಕ್ಕೇ ಇವತ್ತಿಗೂ ಗೇಟ್‌ವೇ ತನ್ನ ಎದುರಿನ ರಸ್ತೆಗೆ ಸ್ವಲ್ಪ ಓರೆಯಾಗಿ ನಿಂತಿದೆ. ಮುಂದಿನ ಸಲ ಹೋದಾಗ ಸೆಲ್ಫಿ ಆದಮೇಲೆ ಅದನ್ನ ಗಮನಿಸಿ.

ಗುಲಾಮಗಿರಿಯ ಗುರುತು ಇದು, ಯಾಕೆ ಉಳಿಸಿಕೊಳ್ಳಬೇಕು ಅಂತ ಕೇಳುವವರಿದ್ದಾರೆ. ಸಿಟ್ಟು ನನಗೆ ಅರ್ಥ ಆಗುತ್ತೆ. ರಾಜ, ರಾಣಿ ಬಂದಿಳಿದದ್ದರ ನೆನಪಿಗೆ ಅಂತ ಕಮಾನಿನ ಮೇಲೆ ಕೆತ್ತಿದ ಸಾಲು ಈಗಲೂ ಇದೆ. ಆದರೆ ಆ ಸಾಲನ್ನ ಅಳಿಸಿಬಿಟ್ಟರೆ, 1948ರ ಫೆಬ್ರವರಿ 28ರಂದು ಅಲ್ಲಿ ನಡೆದದ್ದರ ರುಚಿಯೇ ಹೋಗಿಬಿಡುತ್ತೆ. ಸ್ವತಂತ್ರ ಭಾರತದಿಂದ ಕೊನೆಯದಾಗಿ ಹೊರಟ ಬ್ರಿಟಿಷ್ ಪಡೆ, ಸಾಮರ್‌ಸೆಟ್ ಲೈಟ್ ಇನ್‌ಫೆಂಟ್ರಿಯ ಮೊದಲನೇ ಬೆಟಾಲಿಯನ್, ಇದೇ ಕಮಾನಿನೊಳಗಿಂದ ಸಮುದ್ರದ ಕಡೆಗೆ ನಡೆದುಹೋಯಿತು. ಬಾಗಿಲು ತೆರೆದು ಇಪ್ಪತ್ತನಾಲ್ಕು ವರ್ಷವೂ ತುಂಬಿರಲಿಲ್ಲ. ರಾಜ ಬಂದ ನೆನಪಿಗೆ ಕಟ್ಟಿದ ಬಾಗಿಲಲ್ಲೇ ಅವನ ಸೈನಿಕರು ಹೊರಟರು. ಭಾರತೀಯ ಸೈನಿಕರು ಸಾಲಾಗಿ ನಿಂತು ಗೌರವ ವಂದನೆ ಕೊಟ್ಟರು. ಕೈಗೊಂದು ಕಾಣಿಕೆಯನ್ನೂ ಕೊಟ್ಟು ಕಳಿಸಿದರು: ಬೆಳ್ಳಿಯಲ್ಲಿ ಮಾಡಿಸಿದ, ಪುಟ್ಟ ಗೇಟ್‌ವೇ ಆಫ್ ಇಂಡಿಯಾ.